ಕಂಪಿಲರಾಯನಿಗೆ ಒಂದು ಪ್ರಶ್ನೆ

ಸತ್ಯಜಿತ್ ರೇ ಅವರ 'ಚಾರುಲತಾ' ತೆರೆಗೆ ಬಂದದ್ದು 1964ರಲ್ಲಿ. ಅಂದಿನಿಂದ ಅದರ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ಚಾರುವಿನ ಬಗ್ಗೆಯೇ ಬರೆದಿದ್ದಾರೆ. ಒಂಟಿ ಹೆಂಡತಿಯೊಬ್ಬಳು ಗಂಡನ ಸೋದರಸಂಬಂಧಿ ಅಮಲ್‌ನತ್ತ ವಾಲುವುದು, ಮಾಧವಿ ಮುಖರ್ಜಿಯವರ ಕಣ್ಣು, ಮಾತೇ ಇಲ್ಲದ ಮೊದಲ ಕೆಲವು ನಿಮಿಷ. ಈ ಹೊಗಳಿಕೆ ಸರಿಯಾದದ್ದೇ. ಆದರೆ ಬಳ್ಳಾರಿ ಸೀಮೆಯ ಕಥೆಗಳನ್ನು ತಲೆಯಲ್ಲಿಟ್ಟುಕೊಂಡು ಈ ಸಿನಿಮಾ ನೋಡಿದರೆ ಕಣ್ಣು ಚಾರುವನ್ನು ದಾಟಿ ಅವಳ ಗಂಡ ಭೂಪತಿಯ ಮೇಲೆ ನಿಲ್ಲುತ್ತದೆ. ಗಂಡನ ಮನೆಯೊಳಗೇ ಇನ್ನೊಬ್ಬನ ಮೇಲೆ ಮನಸ್ಸಿಟ್ಟ ಹೆಂಗಸಿನ ಕಥೆ ಈ ನೆಲಕ್ಕೆ ಹಳೆಯದು. ಆ ಕಥೆಯಲ್ಲಿ ಗಂಡನ ಪಾಲೆಷ್ಟು ಎಂದು ಲೆಕ್ಕ ಕೇಳುವುದು ಮಾತ್ರ ನಮಗೆ ರೂಢಿಯಿಲ್ಲ.

ಆ ಕಥೆಯ ಊರು ಕಂಪ್ಲಿ, ಬಳ್ಳಾರಿ ಸೀಮೆಯಲ್ಲಿ ಕುರುಗೋಡಿಗೆ ನೆರೆಯ ತಾಲ್ಲೂಕು. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಅಲ್ಲಿ ಕಂಪಿಲರಾಯ ಆಳುತ್ತಿದ್ದ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ದಂಡಿನ ಎದುರು ಆ ಪುಟ್ಟ ರಾಜ್ಯ ಮುಗಿದುಹೋಯಿತು. ಚರಿತ್ರೆಯ ಪುಸ್ತಕಕ್ಕೆ ಇಷ್ಟು ಸಾಕು. ಜನ ಮಾತ್ರ ರಾಜನನ್ನು ಬಿಟ್ಟು ಅವನ ಮಗ ಕುಮಾರರಾಮನನ್ನು ಹಿಡಿದುಕೊಂಡರು. ಸುಮಾರು ಇನ್ನೂರು ವರ್ಷಗಳ ಬಳಿಕ ನಂಜುಂಡ ಕವಿ 'ರಾಮನಾಥ ಚರಿತೆ' ಎಂಬ ಸಾಂಗತ್ಯ ಬರೆದ. ಅವನ ಹಿಂದೆ ಬೇರೆ ಕವಿಗಳೂ ಬರೆದರು. ಜಿ. ವರದರಾಜರಾವ್ ಈ ಸಾಂಗತ್ಯಗಳನ್ನೇ ವಿಷಯ ಮಾಡಿಕೊಂಡು ದೊಡ್ಡ ಅಧ್ಯಯನ ನಡೆಸಿದರು. ಸಂಡೂರಿನ ಗುಡ್ಡಗಳಿಂದ ಮಲೆನಾಡಿನವರೆಗೆ ಕುಮಾರರಾಮ ದೇವರೂ ಆದ.

ಕಥೆಯ ನಡುಗಂಬ ಯುದ್ಧವಲ್ಲ, ಒಂದು ಚೆಂಡು. ರಾಜ ಬೇಟೆಗೆ ಹೋಗಿದ್ದಾಗ ಕುಮಾರರಾಮ ಚೆಂಡಾಡುತ್ತಾನೆ. ಚೆಂಡು ಹೋಗಿ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ತಡೆಯುತ್ತಾಳೆ, ತನ್ನ ಆಸೆಯನ್ನು ಬಾಯಿಬಿಟ್ಟು ಹೇಳುತ್ತಾಳೆ. ಮಲತಾಯಿಯೂ ತಾಯಿಯೇ ಎಂದು ಅವನು ಕೊಡವಿಕೊಂಡು ಹೊರಬರುತ್ತಾನೆ. ರಾಜ ತಿರುಗಿ ಬಂದಾಗ ಅವಳು ತಪ್ಪನ್ನು ರಾಮನ ತಲೆಗೆ ಕಟ್ಟುತ್ತಾಳೆ. ಮಗನ ತಲೆ ತೆಗೆಯಿರಿ ಎಂದು ಕಂಪಿಲ ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ರಾಮ ಹೊರಗೆ ಬರುತ್ತಾನೆ, ನಿಜ ಬಯಲಾಗುತ್ತದೆ, ರತ್ನಾಜಿ ಪ್ರಾಣ ಬಿಡುತ್ತಾಳೆ. ರಾಮನಿಗೆ ಪರನಾರಿ ಸೋದರ ಎಂಬ ಬಿರುದು ನಿಲ್ಲುತ್ತದೆ.

ಈ ಕಥೆಯಲ್ಲಿ ಯಾರಿಗೆ ಏನು ಸಿಕ್ಕಿತು ನೋಡಿ. ರಾಮನಿಗೆ ಕೀರ್ತಿ, ರತ್ನಾಜಿಗೆ ಸಾವು ಮತ್ತು ಶಾಪ. ಕಂಪಿಲನಿಗೆ? ಕಳೆದುಹೋದನೆಂದುಕೊಂಡ ಮಗ ಮರಳಿ ಸಿಗುತ್ತಾನೆ, ಕೇಳುಗರ ಮರುಕವೂ ಸಿಗುತ್ತದೆ. ಬೆಳೆದ ಮಗನಿರುವಾಗ ಇನ್ನೊಬ್ಬ ಎಳೆಯ ಹೆಣ್ಣನ್ನು ತಂದು ಅಂತಃಪುರದಲ್ಲಿಟ್ಟವನು ಅವನು. ಅವಳನ್ನು ಬಿಟ್ಟು ಬೇಟೆಗೆ ಹೋದವನೂ ಅವನೇ. ವಿಚಾರಣೆಯಿಲ್ಲದೆ ಕತ್ತಿ ಎತ್ತಿದವನೂ ಅವನೇ. ಆದರೂ ಕಥೆ ಅವನನ್ನು ಹೆಣ್ಣಿನ ಮಾತಿಗೆ ಮರುಳಾದ ಪಾಪದವನು ಎಂದಷ್ಟೇ ಹೇಳಿ ಬಿಟ್ಟುಬಿಡುತ್ತದೆ. ರತ್ನಾಜಿಯ ಸುಳ್ಳು ಕ್ಷಮಿಸುವಂಥದ್ದಲ್ಲ. ಅವಳು ಒಬ್ಬನ ಜೀವವನ್ನೇ ಕೇಳಿದವಳು. ಅವಳನ್ನು ಕೆಟ್ಟವಳಾಗಿ ಚಿತ್ರಿಸಿದ್ದಕ್ಕೆ ಕಾವ್ಯದ ಮೇಲೆ ನನ್ನ ತಕರಾರಿಲ್ಲ. ಕೆಡುಕು ಅವಳೊಬ್ಬಳಿಂದಲೇ ಶುರುವಾಯಿತು ಎಂಬಂತೆ ಕಥೆ ಕಟ್ಟಿರುವುದಕ್ಕೆ ತಕರಾರು.

'ಚಾರುಲತಾ' ಇದೇ ಕಟ್ಟನ್ನು ಬಿಚ್ಚುತ್ತದೆ. ಅದಕ್ಕೆ ಮೂಲ ರವೀಂದ್ರನಾಥ ಟಾಗೋರರು 1901ರಲ್ಲಿ ಬರೆದ 'ನಷ್ಟನೀಡ' ಎಂಬ ನೀಳ್ಗತೆ. ಸಿನಿಮಾದ ಕಾಲ 1879–80ರ ಕಲ್ಕತ್ತ. ಭೂಪತಿ ಶ್ರೀಮಂತ, ಒಳ್ಳೆಯವನು, ಇಂಗ್ಲಿಷ್ ಪತ್ರಿಕೆಯೊಂದರ ಒಡೆಯ ಮತ್ತು ಸಂಪಾದಕ. ಬ್ರಿಟನ್ನಿನ ಚುನಾವಣೆಯಲ್ಲಿ ಯಾರು ಗೆದ್ದರೆ ಭಾರತಕ್ಕೆ ಹಿತ ಎಂಬ ಯೋಚನೆಯಲ್ಲೇ ಅವನ ಹಗಲು ರಾತ್ರಿ ಕಳೆಯುತ್ತವೆ. ಮೊದಲ ದೃಶ್ಯಗಳಲ್ಲೇ ರೇ ತಮ್ಮ ಮಾತು ಹೇಳಿ ಮುಗಿಸುತ್ತಾರೆ. ಚಾರು ಕರವಸ್ತ್ರಕ್ಕೆ ಗಂಡನ ಹೆಸರಿನ ಮೊದಲ ಅಕ್ಷರ ಕಸೂತಿ ಹಾಕುತ್ತಾಳೆ, ಪುಸ್ತಕ ತಿರುವುತ್ತಾಳೆ, ನಾಟಕ ನೋಡಲು ಬಳಸುವ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಿ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಅಷ್ಟರಲ್ಲಿ ಭೂಪತಿ ಪುಸ್ತಕ ಓದುತ್ತ ಪಡಸಾಲೆಯಲ್ಲಿ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ. ಅವಳು ಅಲ್ಲಿದ್ದಾಳೆಂಬುದೇ ಅವನಿಗೆ ತಿಳಿಯುವುದಿಲ್ಲ. ಚಾರು ಅದೇ ದುರ್ಬೀನನ್ನು ಅವನ ಬೆನ್ನಿಗೆ ಹಿಡಿಯುತ್ತಾಳೆ. ಗಂಡನೂ ಬೀದಿಯವರಷ್ಟೇ ದೂರದವನು ಎಂದು ಹೇಳಲು ರೇ ಅವರಿಗೆ ಒಂದು ಮಾತೂ ಬೇಕಾಗಲಿಲ್ಲ.

ಕಂಪ್ಲಿಯಲ್ಲಿ ಚೆಂಡು ತಂದ ಗಂಡಸನ್ನು ಇಲ್ಲಿ ಬೇಸಿಗೆಯ ಬಿರುಗಾಳಿ ತರುತ್ತದೆ. ಕಾಲೇಜು ಮುಗಿಸಿದ ಅಮಲ್ ಆ ಗಾಳಿಯ ಜೊತೆಗೇ ಮನೆಯೊಳಕ್ಕೆ ನುಗ್ಗುತ್ತಾನೆ. ಆದರೆ ಅವನನ್ನು ಚಾರುವಿನ ಬಳಿ ಕೂರಿಸುವವನು ಭೂಪತಿಯೇ. ಹೆಂಡತಿಗೆ ಬೇಸರವಾಗಬಾರದೆಂದು ಅವಳ ಅಣ್ಣ ಉಮಾಪದನನ್ನೂ ಅತ್ತಿಗೆ ಮಂದಾಳನ್ನೂ ಮನೆಗೆ ಕರೆಸಿಕೊಂಡವನು ಅವನು. ಚಾರುವಿನ ಬರವಣಿಗೆಗೆ ಉತ್ತೇಜನ ಕೊಡು ಎಂದು ಅಮಲ್‌ಗೆ ಹೇಳುವವನೂ ಅವನೇ. ಹೆಂಡತಿಯ ಒಂಟಿತನ ಅವನ ಪಾಲಿಗೆ ಬೇರೆಯವರ ಕೈಗೊಪ್ಪಿಸಿ ಮುಗಿಸಬಹುದಾದ ಒಂದು ಕೆಲಸ. ಪತ್ರಿಕೆಯ ಹಣವನ್ನು ಉಮಾಪದನ ಕೈಗಿಟ್ಟಂತೆ ಹೆಂಡತಿಯ ಮನಸ್ಸನ್ನು ಅಮಲ್‌ನ ಕೈಗಿಡುತ್ತಾನೆ; ಎರಡರಲ್ಲೂ ನಷ್ಟವಾಗುತ್ತದೆ. ಉಮಾಪದ ಹಣ ನುಂಗಿ ಓಡಿಹೋದಾಗ, ಇನ್ನು ಯಾರನ್ನು ನಂಬಲಿ ಎಂದು ಭೂಪತಿ ಅಮಲ್‌ನ ಮುಂದೆಯೇ ಕುಸಿಯುತ್ತಾನೆ. ಅದನ್ನು ಕೇಳಿದ ಅಮಲ್‌ಗೆ ತನ್ನ ಸ್ಥಾನ ಅರಿವಾಗುತ್ತದೆ, ಚೀಟಿ ಬರೆದಿಟ್ಟು ಹೊರಟುಹೋಗುತ್ತಾನೆ. ಎರಡು ನಂಬಿಕೆದ್ರೋಹಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡುವ ಜಾಣ್ಮೆ ಈ ಚಿತ್ರಕಥೆಯ ದೊಡ್ಡ ಬಲ.

ಕೊನೆಗೆ ಅಮಲ್‌ನ ಕಾಗದ ಬಂದಾಗ ಚಾರು ತಡೆಯಲಾರದೆ ಅಳುತ್ತಾಳೆ. ಭೂಪತಿ ಅದನ್ನು ಕಾಣುತ್ತಾನೆ. ಕಂಪಿಲ ಕತ್ತಿ ಎತ್ತಿದ ಜಾಗ ಇದು. ಭೂಪತಿ ಗಾಡಿ ಹತ್ತಿ ಒಬ್ಬನೇ ಊರು ಸುತ್ತುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ, ತಿರುಗಿ ಬರುತ್ತಾನೆ. ಚಾರು ಕೈ ಚಾಚುತ್ತಾಳೆ, ಅವನೂ ಚಾಚುತ್ತಾನೆ. ಕೈಗಳು ಸೇರುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ರೇ ಅವರು ಚಾರುವನ್ನು ಕ್ಷಮಿಸಲೂ ಇಲ್ಲ, ಶಿಕ್ಷಿಸಲೂ ಇಲ್ಲ. ಭೂಪತಿಗೆ ಮಾತ್ರ ಒಂದು ತಿಳಿವಳಿಕೆಯನ್ನು ಕಡ್ಡಾಯ ಮಾಡಿದರು. ಬರ್ಲಿನ್ ಚಿತ್ರೋತ್ಸವ ಈ ಸಿನಿಮಾಕ್ಕಾಗಿ ಅವರಿಗೆ ಅತ್ಯುತ್ತಮ ನಿರ್ದೇಶಕನ ಬೆಳ್ಳಿ ಕರಡಿ ಕೊಟ್ಟಿತು.

ಟಾಗೋರರ ಕಥೆಯ ಕೊನೆ ಇನ್ನೂ ಕಟುವಾದದ್ದು, ನಮ್ಮ ನಾಡಿಗೂ ತಾಗುವಂಥದ್ದು. ಅಲ್ಲಿ ಭೂಪತಿ ಪತ್ರಿಕೆಯೊಂದರ ಸಂಪಾದಕನಾಗಿ ಮೈಸೂರಿಗೆ ಹೊರಡುತ್ತಾನೆ. ನನ್ನನ್ನೂ ಕರೆದುಕೊಂಡು ಹೋಗು ಎಂದು ಚಾರು ಬೇಡಿದಾಗ ಅವನು ಹಿಂಜರಿಯುತ್ತಾನೆ. ಮನಸ್ಸು ಕರಗಿ ಬಾ ಎಂದಾಗ ಅವಳೇ ಬೇಡವೆನ್ನುತ್ತಾಳೆ. ರೇ ಅವರು ಅರ್ಧ ದಾರಿಯಲ್ಲಿ ನಿಲ್ಲಿಸಿದ ಕೈಗಳಲ್ಲಿ ಒಂದಿಷ್ಟು ಆಸೆ ಉಳಿದಿದೆ. ಟಾಗೋರರು ಅದನ್ನೂ ಉಳಿಸಲಿಲ್ಲ. ಗಂಡನ ಹಿಂಜರಿಕೆಗೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಕಥೆ ಹೆಚ್ಚು ಖಚಿತವಾಗಿ ಹೇಳುತ್ತದೆ. ಈ ಒಂದು ಅಂಶದಲ್ಲಿ ಕಥೆ ಸಿನಿಮಾಕ್ಕಿಂತ ಮೇಲು.

ಇನ್ನು ಬಳ್ಳಾರಿ ನಗರದ ಮಾತು. ಚಾರುವಿನ ಕಥೆ ನಡೆಯುವ ಕಾಲದ ಆಸುಪಾಸಿನಲ್ಲೇ ಇಲ್ಲಿ ಆಧುನಿಕ ರಂಗಭೂಮಿ ಕಣ್ಣುಬಿಡುತ್ತಿತ್ತು. ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸವಿನೋದಿನಿ ಸಭಾ ಕಟ್ಟಿದರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭಾ ಕಟ್ಟಿದರು. ಆಚಾರ್ಯರ ಹೆಸರಾಂತ ತೆಲುಗು ನಾಟಕ 'ವಿಷಾದ ಸಾರಂಗಧರ'. ರಾಜಮಹೇಂದ್ರವರದ ರಾಜರಾಜನರೇಂದ್ರನ ಎಳೆಯ ರಾಣಿ ಚಿತ್ರಾಂಗಿ ಮಲಮಗ ಸಾರಂಗಧರನನ್ನು ಬಯಸುವ ಕಥೆ ಅದು. ರತ್ನಾಜಿಯ ಕಥೆಗೆ ಒಡಹುಟ್ಟು. ಚೆಂಡಿನ ಜಾಗದಲ್ಲಿ ಪಾರಿವಾಳ, ತಲೆ ತೆಗೆಯುವ ಬದಲು ಕೈಕಾಲು ಕಡಿಯುವ ಆಜ್ಞೆ. ಈ ಕಥೆಯ ಬಳಕೆಯಲ್ಲಿರುವ ರೂಪದಲ್ಲಿ ಚಿತ್ರಾಂಗಿಗೆ ಮೊದಲು ತೋರಿಸಿದ ಚಿತ್ರಪಟ ಮಗನದು, ಕಟ್ಟಿಕೊಂಡವನು ಅಪ್ಪ. ಮೋಸ ಎಲ್ಲಿಂದ ಶುರುವಾಯಿತು ಎಂಬುದು ಕಥೆಯೊಳಗೇ ಬಿದ್ದಿದೆ, ಎತ್ತಿಕೊಳ್ಳುವವರು ಬೇಕು. ಆಚಾರ್ಯರು ಮಂಗಳದಲ್ಲೇ ಮುಗಿಯಬೇಕೆಂಬ ಹಳೆಯ ಕಟ್ಟಳೆಯನ್ನು ಮುರಿದು ನಾಟಕವನ್ನು ದುರಂತವಾಗಿ ಮುಗಿಸಿದರು. ಆ ಕಾಲಕ್ಕೆ ಅದು ಧೈರ್ಯದ ಕೆಲಸ. ಆದರೂ ದುರಂತ ಸಾರಂಗಧರನದಾಯಿತು, ಚಿತ್ರಾಂಗಿಯದಾಗಲಿಲ್ಲ. ಆಚಾರ್ಯರ ಸಂಬಂಧಿ, ರಂಗನಟ ಬಳ್ಳಾರಿ ರಾಘವ (1880–1946) ಮುಂದೆ ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕೆಂದು ಹಟ ಹಿಡಿದರು. ಹೆಣ್ಣಿನ ಆಸೆಯ ಮಾತು ಗಂಡಸಿನ ಗಂಟಲಿನಿಂದ ಬರುವುದಕ್ಕೂ ಹೆಂಗಸಿನ ಬಾಯಿಂದಲೇ ಬರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಈ ಊರು ಬೇಗನೆ ಕಂಡುಕೊಂಡಿತ್ತು.

ಕನ್ನಡ ಸಿನಿಮಾ ಈ ವಿಷಯಕ್ಕೆ ಕೈಹಾಕಿದಾಗಲೂ ಗಂಡನಿಗೊಂದು ರಿಯಾಯಿತಿ ಹುಡುಕಿತು. ಭಾರತೀಸುತರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ಎಡಕಲ್ಲು ಗುಡ್ಡದ ಮೇಲೆ' (1973) ಚಿತ್ರದಲ್ಲಿ ಜಯಂತಿ ಮಾಡಿದ ಮಾಧವಿಯ ಪಾತ್ರಕ್ಕೆ ಈಗಲೂ ಮರ್ಯಾದೆಯಿದೆ. ಅಲ್ಲಿ ಗಂಡ ದೇಹದಿಂದ ದಾಂಪತ್ಯಕ್ಕೆ ಅಸಮರ್ಥ. ಹೆಂಡತಿಯ ಒಂಟಿತನಕ್ಕೆ ಡಾಕ್ಟರ ಸರ್ಟಿಫಿಕೇಟಿನಂಥ ಕಾರಣ ಸಿಕ್ಕಿದ ಕೂಡಲೇ ಗಂಡ ಪಾರಾಗುತ್ತಾನೆ. ಭೂಪತಿಗೆ ಅಂಥ ಯಾವ ಕೊರತೆಯೂ ಇಲ್ಲ. ಗಟ್ಟಿಮುಟ್ಟಾದವನು, ಪ್ರೀತಿಸುವವನು, ದುಡ್ಡುಳ್ಳವನು. ಒಳ್ಳೆಯ ಗಂಡನ ಮನೆಯಲ್ಲೂ ಹೆಂಡತಿ ಒಂಟಿಯಾಗಬಲ್ಲಳು ಎಂದು ತೋರಿಸುವುದು ಹೆಚ್ಚು ಕಷ್ಟದ ಕೆಲಸ.

ಹಾಗೆಂದು 'ಚಾರುಲತಾ'ವನ್ನು ಕಣ್ಣುಮುಚ್ಚಿ ಮೆಚ್ಚಬೇಕಿಲ್ಲ. ನಮಗೆ ಚಾರು ಇಷ್ಟವಾಗುವುದು ಅವಳು ಬಂಕಿಮಚಂದ್ರರನ್ನು ಓದುವವಳು, ಅಂದವಾಗಿ ಬರೆಯುವವಳು, ಕೊನೆತನಕ ಬಾಯಿ ಬಿಡದವಳು ಎಂಬ ಕಾರಣಕ್ಕೂ ಹೌದು. ವೀಳ್ಯ ಮಡಿಸುತ್ತ, ಇಸ್ಪೀಟಾಡುತ್ತ ಅಮಲ್‌ನ ಕಡೆ ನೇರವಾಗಿ ಕಣ್ಣು ಹಾಯಿಸುವ ಮಂದಾಳನ್ನು ಸಿನಿಮಾ ನಗೆಗೆ ಬಿಟ್ಟುಬಿಡುತ್ತದೆ. ಓದಿದವಳ ಆಸೆಗೆ ಸಂಗೀತ, ಓದದವಳ ಆಸೆಗೆ ತಮಾಷೆ. ಸಿರುಗುಪ್ಪದ ಗದ್ದೆಯಲ್ಲಿ ಬೆಳಗಿನಿಂದ ಬಗ್ಗಿ ಭತ್ತದ ನಾಟಿ ಹಚ್ಚುವ ಹೆಂಗಸಿಗೆ ಚಾರುವಿನಂಥ ಖಾಲಿ ಮಧ್ಯಾಹ್ನವೇ ಇಲ್ಲ. ಅವಳ ಒಂಟಿತನಕ್ಕೆ ದುರ್ಬೀನೂ ಕಸೂತಿಯೂ ಒದಗುವುದಿಲ್ಲ. ಆ ಲೆಕ್ಕದಲ್ಲಿ ರತ್ನಾಜಿ ಹೆಚ್ಚು ನಮ್ಮವಳು. ಅವಳು ರಾಣಿಯಾದರೂ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದವಳು. ಕೇಳಿದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ಕಥೆ ಅವಳಿಗೆ ಒಂದೇ ಶಿಕ್ಷೆ ಕೊಟ್ಟಿತು. ಇವು ಎರಡು ಬೇರೆ ತಪ್ಪುಗಳು, ಮೊದಲನೆಯದು ತಪ್ಪೇ ಎಂಬುದು ಕೂಡ ಚರ್ಚೆಯ ಮಾತು. ಅವೆರಡನ್ನೂ ಬೇರ್ಪಡಿಸಿ ನೋಡಲಾರದ್ದು ನಮ್ಮ ಕಾವ್ಯದ ಕೊರತೆ.

ಈ ಕೊರತೆ ತುಂಬಲು ಕಲ್ಕತ್ತದಿಂದ ಏನನ್ನೂ ತರಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಕಟ್ಟುವ ಬಯಲಾಟದ ಅಟ್ಟದಲ್ಲೇ ಅದಕ್ಕೆ ದಾರಿಯಿದೆ. ಕುಮಾರರಾಮ ಬಯಲಾಟಕ್ಕೆ ಹೊಸಬನಲ್ಲ. ಬಯಲಾಟದ ಕಟ್ಟೇ ಹಾಗಿದೆ: ಕಿರೀಟ, ಭುಜಕೀರ್ತಿ ತೊಟ್ಟು ಎಂಥ ರಾಜ ಬಂದರೂ ಅಟ್ಟ ಹತ್ತಿದ ಮೇಲೆ ಸಾರಥಿ ಎಂಬ ಪಾತ್ರಧಾರಿಯ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು. ನೀವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುವ ಹಕ್ಕು ಅವನಿಗಿದೆ. ದೇವೇಂದ್ರನಿಗೂ ತಪ್ಪದ ಪ್ರಶ್ನೆ ಅದು. ಬೆಳತನಕ ನಡೆಯುವ ಆಟದಲ್ಲಿ ಹೊಸ ವಚನ, ಹೊಸ ಪದ ಸೇರಿಸುವ ಸ್ವಾತಂತ್ರ್ಯವನ್ನು ಹಳ್ಳಿಯ ಕವಿಗಳೂ ಮಾಸ್ತರರೂ ಯಾವತ್ತೂ ಬಿಟ್ಟುಕೊಟ್ಟಿಲ್ಲ.

ಹಾಗಾದರೆ ಬೇಟೆಯಿಂದ ತಿರುಗಿ ಬಂದು ಮಗನ ತಲೆ ಕೇಳುವ ಕಂಪಿಲರಾಯನನ್ನು ಸಾರಥಿ ಅಲ್ಲೇ ತಡೆದು ನಿಲ್ಲಿಸಬಹುದು: ಮಹಾರಾಜ, ಈ ಹೆಣ್ಣನ್ನು ತಂದವರು ಯಾರು, ತಂದ ಮೇಲೆ ಎಷ್ಟು ದಿನ ಅವಳ ಬಳಿ ಕೂತಿದ್ದಿರಿ? ರತ್ನಾಜಿಯ ಪದಗಳಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ, ರಾಮನ ಬಿರುದನ್ನೂ ಕಸಿಯಬೇಕಾಗಿಲ್ಲ. ರಾಜ ಉತ್ತರ ಕೊಟ್ಟರೂ ಸರಿ, ತಡವರಿಸಿದರೂ ಸರಿ, ಏಳು ನೂರು ವರ್ಷದಿಂದ ಇಬ್ಬರ ತಲೆಯ ಮೇಲಿದ್ದ ಕಥೆಯ ಭಾರ ಮೂವರಿಗೆ ಹಂಚಿಹೋಗುತ್ತದೆ. ರೇ ಅವರು ಭೂಪತಿಯನ್ನು ಗಾಡಿ ಹತ್ತಿಸಿ ಮಾಡಿಸಿದ ಕೆಲಸ ಅದೇ. ಬಯಲಾಟಕ್ಕೆ ಅದನ್ನು ಮಾಡಲು ಒಬ್ಬ ಸಾರಥಿ ಸಾಕು, ಅವನು ಆಗಲೇ ಅಟ್ಟದ ಮೇಲಿದ್ದಾನೆ.