ಡಿಸ್ರೇಲಿಯ ವಿನೋದವೂ ರಾಜನೀತಿಯೂ

ಬ್ರಿಟನ್ನಿನ ಮಾಜಿ ಪ್ರಧಾನಿ ಬೆಂಜಮಿನ್ ಡಿಸ್ರೇಲಿ ತೀರಿಕೊಂಡ 1881ರಲ್ಲಿಯೇ, ಆತನ ಕಾದಂಬರಿಗಳಿಂದಲೂ ಭಾಷಣಗಳಿಂದಲೂ ಆಯ್ದ ಚಮತ್ಕಾರೋಕ್ತಿಗಳ ಸಂಕಲನವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಇಂಥ ಸಂಕಲನಗಳನ್ನೋದಿ ಆತನನ್ನು ಸುಭಾಷಿತಕಾರನೆಂದು ಭಾವಿಸುವವರುಂಟು. ನನಗಾದರೋ ಆತನ ವಿನೋದವು, ಎದುರಿಗೆ ಪ್ರತಿಪಕ್ಷಿಯೊಬ್ಬನು ಕುಳಿತಿದ್ದಾಗಲೇ ಜೀವತಳೆಯುವ ವಾಗ್ಯುದ್ಧದ ಜಾತಿಗೆ ಸೇರಿದುದೆಂದು ತೋರುತ್ತದೆ.

1841ರಲ್ಲಿ ತನಗೆ ಅಧಿಕಾರಪದವಿಯನ್ನು ಕೊಡದಿದ್ದ ಪ್ರಧಾನಿ ರಾಬರ್ಟ್ ಪೀಲ್ ಮೇಲೆ ಡಿಸ್ರೇಲಿ ಪ್ರಯೋಗಿಸಿದ ಮಾತುಗಳೇ ಇದಕ್ಕೆ ಸಾಕ್ಷಿ. ಮುಕ್ತ ವಾಣಿಜ್ಯವೆಂಬ ಪರಪಕ್ಷದ ಸಿದ್ಧಾಂತವನ್ನು ಪೀಲ್ ತನ್ನದಾಗಿಸಿಕೊಳ್ಳುತ್ತಿರಲು, ಆ ಪಕ್ಷದವರಾದ ವ್ಹಿಗ್ಗರು ಸ್ನಾನಕ್ಕಿಳಿದಿದ್ದ ಸಮಯ ನೋಡಿ ಅವರ ಬಟ್ಟೆಗಳನ್ನೆತ್ತಿಕೊಂಡು ಹೋದನೆಂದು 1845ರಲ್ಲಿ ಸಭೆಯನ್ನು ನಗಿಸಿದನು. ಗೋಪಿಕಾವಸ್ತ್ರಾಪಹರಣವನ್ನು ಬಲ್ಲ ನಮಗೆ ಚಿತ್ರವೇನೋ ಹೊಸದಲ್ಲ. ಆದರೆ ಸ್ವಪಕ್ಷದ ನಾಯಕನನ್ನೇ ವಸ್ತ್ರಚೋರನನ್ನಾಗಿಸಿ, ಧಾನ್ಯಸುಂಕವನ್ನು ನೆಚ್ಚಿದ್ದ ಭೂಮಾಲೀಕರ ಮೂಕ ಅಸಮಾಧಾನಕ್ಕೆ ನಗೆಯ ಮೂಲಕ ನಾಲಿಗೆ ಕೊಟ್ಟ ಧೂರ್ತತೆ ಅಸಾಮಾನ್ಯವಾದುದು. ಮರುವರ್ಷ ಪೀಲ್ ಸರ್ಕಾರ ಉರುಳಿತು, ಪಕ್ಷ ಇಬ್ಭಾಗವಾಯಿತು.

ಇದಕ್ಕಿಂತ ಸ್ವಾರಸ್ಯವಾದುದು ಮುಂದಿನ ಕಥೆ. 1866ರಲ್ಲಿ ಪರಪಕ್ಷದ ಗ್ಲ್ಯಾಡ್‌ಸ್ಟನ್ ತಂದ ಮತದಾನ ಸುಧಾರಣೆಯ ಮಸೂದೆಯನ್ನು ಸೋಲಿಸಿದ ಡಿಸ್ರೇಲಿ, 1867ರಲ್ಲಿ ಅದಕ್ಕಿಂತಲೂ ಉದಾರವಾದ ಮಸೂದೆಯನ್ನು ತಾನೇ ಅಂಗೀಕರಿಸಿಕೊಂಡು, ಇಂಗ್ಲೆಂಡು ಮತ್ತು ವೇಲ್ಸ್‌ಗಳ ಮತದಾರರ ಸಂಖ್ಯೆಯನ್ನು ಹತ್ತು ಲಕ್ಷದಿಂದ ಸುಮಾರು ಇಪ್ಪತ್ತು ಲಕ್ಷಕ್ಕೇರಿಸಿದನು. ಬಟ್ಟೆ ಕದಿಯುವ ಸರದಿ ಈಗ ಆತನದು! ಇದನ್ನು ಬರಿಯ ಕಪಟವೆನ್ನಲಾರೆ. ಶ್ರೀಮಂತರೂ ಬಡವರೂ ಪರಸ್ಪರ ಅಪರಿಚಿತವಾದ ಎರಡು ಜನಾಂಗಗಳಾಗಿರುವರೆಂದು 1845ರ ‘ಸಿಬಿಲ್’ ಕಾದಂಬರಿಯಲ್ಲಿಯೇ ಕಂಡಿದ್ದವನಿಗೆ, ನಗರದ ಕಾರ್ಮಿಕನು ತನ್ನ ಪಕ್ಷಕ್ಕೂ ಮತ ಹಾಕಿಯಾನೆಂಬ ದೂರದೃಷ್ಟಿಯಿತ್ತು.

ಆದರೆ ಆ ದೃಷ್ಟಿ ಪಾರ್ಲಿಮೆಂಟಿನ ಪೀಠಗಳಾಚೆಗೆ ಹರಿಯಲಿಲ್ಲ. ಅಲ್ಲಿ ಭಾರತಕ್ಕೊಂದು ಪೀಠವಿರಲಿಲ್ಲವಾಗಿ, ಪ್ರತ್ಯುತ್ತರ ಕೊಡುವವರಿಲ್ಲದ ಈ ದೇಶದ ವಿಷಯದಲ್ಲಿ ಆತನ ರಾಜನೀತಿ ಕೇವಲ ಆಡಂಬರವಾಯಿತು. 1876ರಲ್ಲಿ ವಿಕ್ಟೋರಿಯಾಳಿಗೆ ಚಕ್ರವರ್ತಿನಿಯೆಂಬ ಬಿರುದಿಗಾಗಿ ಶಾಸನ ಮಾಡಿಸಿದನು. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅದನ್ನು ಘೋಷಿಸಿದಾಗ, ಬ್ರಿಟಿಷರ ನೇರ ಆಡಳಿತದಲ್ಲಿದ್ದ ಮೈಸೂರು ಧಾತು–ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಬೇಯುತ್ತಿತ್ತು. 1871ರಲ್ಲಿ ಐವತ್ತು ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ, 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕಿಳಿದಿತ್ತು.