ಗಣಿಯೊಳಗಿನ ಓದುಗರು, ತೆರೆಯ ಮೇಲಿನ ದೊರೆ

‘ಕೆಜಿಎಫ್’ ಸಿನಿಮಾದ ಮೊದಲ ಭಾಗ (2018) ಒಂದು ವಿಚಿತ್ರ ಲೆಕ್ಕ ಹೇಳುತ್ತದೆ. 1951ರಲ್ಲಿ ನಾಯಕ ಹುಟ್ಟುತ್ತಾನೆ, ಅದೇ ಹೊತ್ತಿಗೆ ನಾರಾಚಿಯಲ್ಲಿ ಚಿನ್ನವೂ ಸಿಗುತ್ತದೆ. ಗಣಿಗೂ ನಾಯಕನಿಗೂ ಒಂದೇ ಜಾತಕ. ಕತೆ ಕಟ್ಟುವವರಿಗೆ ಇಷ್ಟು ಸ್ವಾತಂತ್ರ್ಯ ಇದ್ದೇ ಇದೆ, ನಾರಾಚಿ ಕಲ್ಪನೆಯ ಗಣಿ ಎಂಬುದೂ ಸರಿ. ಆದರೆ ಸಿನಿಮಾಕ್ಕೆ ಹೆಸರು ಕೊಟ್ಟದ್ದು, ಚಿತ್ರೀಕರಣಕ್ಕೆ ಸೈನೈಡ್ ದಿಬ್ಬಗಳನ್ನು ಕೊಟ್ಟದ್ದು ನಿಜವಾದ ಕೋಲಾರದ ಚಿನ್ನದ ಗಣಿ. ಅಲ್ಲಿ ಜಾನ್ ಟೇಲರ್ ಕಂಪನಿ 1880ರ ದಶಕದಲ್ಲೇ ಕೆಲಸ ಶುರುಮಾಡಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮುಂಚೆ ಅಲ್ಲಿಗೆ ಹೋಯಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಬೆಳಕಿನ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರ್ಯಾರು ಎಂದು ಕೇಳಿದರೆ ಮಾತ್ರ ನಮ್ಮ ಹೆಮ್ಮೆ ತಡವರಿಸುತ್ತದೆ. ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ, ತಮಿಳು ಮಾತಾಡುವ ದಲಿತರು.

ಸಿನಿಮಾದಲ್ಲಿ ಈ ಜನಕ್ಕೆ ಜಾತಿಯಿಲ್ಲ, ಊರಿಲ್ಲ, ಭಾಷೆಯೂ ಇಲ್ಲ. ಮಸಿ ಮೆತ್ತಿದ ಮೈಗಳ ಒಂದು ರಾಶಿ, ಅಷ್ಟೆ. ಅವರು ಅಳುತ್ತಾರೆ, ಏಟು ತಿನ್ನುತ್ತಾರೆ, ರಾಕಿ ಬಂದ ಮೇಲೆ ಜೈಕಾರ ಹಾಕುತ್ತಾರೆ. ಅವರನ್ನು ಬಿಡಿಸಲು ಬಾಂಬೆಯಿಂದ ಒಬ್ಬ ಬರಬೇಕು, ಬಿಡಿಸಿದ ಮೇಲೆ ಅವನೇ ದೊರೆಯಾಗಿ ಕೂರಬೇಕು. ‘ಚೋಮನ ದುಡಿ’ (1975)ಯ ಬಗ್ಗೆ ನಮಗೆ ತಕರಾರುಗಳಿವೆ. ಚೋಮ ಸೋಲುವುದಕ್ಕೇ ಹುಟ್ಟಿದವನಂತೆ ಕಾಣುತ್ತಾನೆ, ನಿಜ. ಆದರೂ ಅವನಿಗೆ ಬೇಸಾಯ ಮಾಡಬೇಕೆಂಬ ಆಸೆಯೊಂದಿತ್ತು, ಸಿಟ್ಟು ಬಂದಾಗ ಬಾರಿಸಲು ಅವನದೇ ದುಡಿಯಿತ್ತು. ನಲವತ್ತಮೂರು ವರ್ಷದಲ್ಲಿ ನಮ್ಮ ಸಿನಿಮಾ ಅವನ ಕೈಯ ದುಡಿಯನ್ನೂ ಕಿತ್ತುಕೊಂಡು, ಆ ಸದ್ದನ್ನು ನಾಯಕನ ನಡಿಗೆಗೆ ಜೋಡಿಸಿಬಿಟ್ಟಿದೆ. ನನ್ನ ತರಗತಿಯ ಹುಡುಗರು ಆ ನಡಿಗೆಗೆ ಶಿಳ್ಳೆ ಹೊಡೀತಾರೆ. ಹೊಡೀಲಿ ಬಿಡಿ, ರವಿ ಬಸ್ರೂರರ ಸಂಗೀತ ಎದೆಗೆ ಗುದ್ದುವಾಗ ಯಾರ ವಿಮರ್ಶೆಯೂ ಚಿತ್ರಮಂದಿರದ ಒಳಗೆ ಬರುವುದಿಲ್ಲ. ನನ್ನ ಜಗಳ ಶಿಳ್ಳೆಯ ಜೊತೆ ಅಲ್ಲ.

ಅದೇ ನೆಲದ ಮೇಲೆ ಪಾ. ರಂಜಿತ್ ‘ತಂಗಲಾನ್’ (2024) ಮಾಡಿದರು. ಇಲ್ಲೂ ಇಸವಿಯ ಲೆಕ್ಕ ಸಡಿಲವೇ. ಕತೆ ನಡೆಯುವುದು 1850ರ ದಶಕದಲ್ಲಿ, ಅಂದರೆ ಟೇಲರ್ ಕಂಪನಿಗೂ ಮೂರು ದಶಕ ಹಿಂದೆ. ಆದರೆ ಈ ಸಡಿಲ ಬೇರೆ ಥರದ್ದು. ತಂಗಲಾನ್‌ಗೆ ಊರಿದೆ, ಅವನದೆನ್ನುವ ಹೊಲವಿದೆ, ಆ ಹೊಲ ಜಮೀನ್ದಾರನ ಪಾಲಾದದ್ದು ಹೇಗೆಂಬ ವಿವರವಿದೆ. ಗಣಿಗೆ ಹೋಗುವುದು ಅವನಿಗೆ ಗುಲಾಮಗಿರಿಯೂ ಹೌದು, ಊರಿನ ಜೀತದಿಂದ ತಪ್ಪಿಸಿಕೊಳ್ಳುವ ದಾರಿಯೂ ಹೌದು. ಈ ಇಬ್ಬಗೆಯನ್ನು ನಮ್ಮ ಎಡಪಂಥೀಯ ಚರಿತ್ರೆಕಾರರು ಕೂಡ ಇಷ್ಟು ನೇರವಾಗಿ ಹೇಳಿದ್ದು ಕಡಿಮೆ. ಬಿಳಿಯ ದೊರೆ ದುಡಿಸಿಕೊಂಡ, ಸಾಯಿಸಿದ. ಆದರೂ ಕೂಲಿಯನ್ನು ಕಾಸಿನಲ್ಲಿ ಕೊಟ್ಟ. ಹಟ್ಟಿಯವರಿಗೆ ಕಾಸು ಅಂದರೆ ಏನೆಂದು ಕಾಳಿಗಾಗಿ ದುಡಿದವರ ಮೊಮ್ಮಕ್ಕಳನ್ನು ಕೇಳಬೇಕು. ತಂಗಲಾನ್ ಊರಿಗೆ ಮರಳಿ ಹೆಂಗಸರಿಗೆ ರವಿಕೆ ಕೊಡುವ ದೃಶ್ಯವನ್ನೇ ನೋಡಿ. ಆ ಹೆಂಗಸರು ರವಿಕೆ ತೊಟ್ಟು ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಆ ನಾಚಿಕೆ, ಆ ಕುಣಿತ! ‘ಕೆಜಿಎಫ್’ನ ಎರಡೂ ಭಾಗ ಸೇರಿಸಿದರೂ ಅದರಷ್ಟು ಚಿನ್ನ ಸಿಗುವುದಿಲ್ಲ.

ಎರಡನೆಯ ಅರ್ಧದಲ್ಲಿ ಸಿನಿಮಾ ಗದ್ದಲಕ್ಕೆ ಬೀಳುತ್ತದೆ. ಚಿನ್ನವನ್ನು ಕಾಯುವ ಆರತಿ ಮಾಯೆಯಂತೆ ಬಂದು ಹೋಗುತ್ತಾಳೆ, ಕನಸು ಯಾವುದು ನೆನಪು ಯಾವುದು ತಿಳಿಯುವುದಿಲ್ಲ. ಹಲವು ಗೆಳೆಯರು ಇದನ್ನೇ ಹಿಡಿದು ‘ಗೊಂದಲ’ ಎಂದರು. ನನಗೆ ಒಪ್ಪಿಗೆಯಿಲ್ಲ. ದಲಿತರ ಕತೆ ಅಂದ ತಕ್ಷಣ ಬಡತನ, ಅವಮಾನ, ಕಣ್ಣೀರುಗಳ ವಾಸ್ತವವಾದವೇ ಬೇಕೆಂದು ಯಾರು ಕಟ್ಟಳೆ ಹಾಕಿದರು? ಹೀಗೆ ಸಿಕ್ಕಿಬಿದ್ದರೆ ದಲಿತ ಲೋಕ ತನ್ನ ದೈವ, ಪುರಾಣ, ಬೆರಗುಗಳನ್ನೇ ಕಳೆದುಕೊಳ್ಳುತ್ತದೆ ಎಂದು ಡಿ.ಆರ್. ನಾಗರಾಜ್ ಎಚ್ಚರಿಸಿದ್ದರು. ದೀಪದ ಜೋತಮ್ಮಗಳು ಕೂತು ಮಾತಾಡುವ ‘ಕುಸುಮಬಾಲೆ’ಗೆ 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಯಲ್ಲಿ ಒಪ್ಪಿಕೊಂಡದ್ದನ್ನು ಸಿನಿಮಾದಲ್ಲಿ ಯಾಕೆ ಗೊಂದಲ ಅನ್ನಬೇಕು? ರಂಜಿತ್‌ರ ನಿಜವಾದ ಕೊರತೆ ಬೇರೆ ಕಡೆ ಇದೆ. ಗಂಗಮ್ಮನಿಗೆ ಅವರು ಮೈ, ಬಾಯಿ, ಹಸಿವು ಎಲ್ಲ ಕೊಟ್ಟರು. ಆರತಿಗೆ ಬರೀ ಕೂಗು ಮತ್ತು ರಕ್ತ ಕೊಟ್ಟರು. ಬೆರಗಿನ ಹೊರೆಯೆಲ್ಲ ಒಬ್ಬ ಹೆಂಗಸಿನ ಮೇಲೆ, ಅರಿವಿನ ಪಯಣ ಮಾತ್ರ ಗಂಡಸಿನದು. ಈ ಹಂಚಿಕೆ ನಮಗೆ ಹೊಸದಲ್ಲ.

(‘ಕಾಂತಾರ’ (2022)ದಲ್ಲೂ ಬೆರಗಿದೆ, ಅದೂ ಮೈ ಜುಮ್ಮೆನ್ನಿಸುವಷ್ಟು. ಆದರೆ ದೈವ ಕಟ್ಟುವ ನಲಿಕೆ, ಪಂಬದ, ಪರವರು ಕೋಲ ಮುಗಿದು ಬಣ್ಣ ತೊಳೆದ ಮೇಲೆ ಯಾರ ಅಂಗಳದಲ್ಲಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಹಿಂದಕ್ಕೆ ಸರಿದು, ಕೊನೆಗೆ ಎಲ್ಲರ ಕೈ ಸೇರಿಸಿ ಕತೆ ಮುಗಿಯುತ್ತದೆ. ಸೇರದ ಕೈಗಳ ಸಿನಿಮಾ ಯಾವಾಗ?)

‘ತಂಗಲಾನ್’ ಕೂಡ ತೋರಿಸದ ಇನ್ನೊಂದು ಗಣಿ ಕೆಜಿಎಫ್‌ನಲ್ಲಿತ್ತು. ಅಯೋತಿದಾಸ ಪಂಡಿತರು 1898ರಲ್ಲಿ ಶುರುಮಾಡಿದ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. 1907ರಿಂದ ಅವರು ನಡೆಸಿದ ‘ತಮಿಳನ್’ ಪತ್ರಿಕೆಗೆ ಗಣಿಯಲ್ಲಿ ಓದುಗರಿದ್ದರು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ, ಮುಂದೆ ಅಪ್ಪಾದುರೈ ಅದನ್ನು ಕೆಜಿಎಫ್‌ನಿಂದಲೇ ಮತ್ತೆ ಹೊರತಂದರು. ಪಾಳಿ ಮುಗಿಸಿ ಮೇಲೆ ಬಂದು, ಲೈನು ಮನೆಯ ಮುಂದೆ ಕೂತು ಬುದ್ಧನ ಬಗ್ಗೆ ಓದಿಸಿ ಕೇಳಿದ ಕೂಲಿಕಾರರು ಕರ್ನಾಟಕದ ನೆಲದಲ್ಲಿ ಇದ್ದರು. ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡ 1956ಕ್ಕೆ ಅರ್ಧ ಶತಮಾನ ಮುಂಚಿನ ಮಾತಿದು. ನಮ್ಮ ದಲಿತ ಸಾಹಿತ್ಯ ಚರಿತ್ರೆಗಳಲ್ಲಿ ಇವರಿಗೆ ಸಿಕ್ಕ ಜಾಗ ಎಷ್ಟು? ಬೂಸಾ ಪ್ರಕರಣದಿಂದ, ಅಂದರೆ 1973ರಿಂದ ಶುರುಮಾಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಸಿನಿಮಾದವರು 1951ರಿಂದ ಶುರುಮಾಡಿದರು ಅಂತ ಬೈಯುವ ನಾವು ಇದನ್ನೂ ಕೇಳಿಕೊಳ್ಳಬೇಕು. ಅವರು ಓದಿದ್ದು ತಮಿಳಿನಲ್ಲಿ ಎಂಬ ಒಂದೇ ಕಾರಣಕ್ಕೆ ‘ಹೊರಗಿನವರು’ ಆದರೆ, ಹೊರಗಿಡುವ ವಿದ್ಯೆಯನ್ನು ನಾವೂ ಚೆನ್ನಾಗಿಯೇ ಕಲಿತಿದ್ದೇವೆ ಎಂದಾಯಿತು.

ಅಯೋತಿದಾಸರ ‘ಜಾತಿಯಿಲ್ಲದ ತಮಿಳರು’ ಎಂಬ ಕಲ್ಪನೆಯಿಂದಲೇ 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಪ್ರದರ್ಶನ ಕೊಟ್ಟ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡಕ್ಕೆ ಹೆಸರು ಬಂತು. ಸಾವಿನ ಮನೆಯ ಗಾನಾ, ಪರೈ, ಗಿಟಾರು, ರ‍್ಯಾಪ್ ಎಲ್ಲ ಒಂದೇ ವೇದಿಕೆಯಲ್ಲಿ. ಈಚೆಗೆ ಅವರ ಹಾಡುಗಳನ್ನು ಮತ್ತೆ ಕೇಳಿದೆ. ಮೀಸಲಾತಿ, ಗೋಮಾಂಸಗಳ ಬಗ್ಗೆ ಭಾಷಣ ಮಾಡುವ ಹಾಡುಗಳು ಈಗ ಸ್ವಲ್ಪ ಹಳಸಿದಂತೆ ಕೇಳಿಸುತ್ತವೆ. ಗಾನಾದ ಗಂಟಲು ಮಾತ್ರ ಹಳಸಿಲ್ಲ. ಆ ತಂಡದಿಂದ ಬಂದ ಅರಿವು 2021ರಲ್ಲಿ ಧೀ ಜೊತೆ ಹಾಡಿದ ‘ಎಂಜಾಯ್ ಎಂಜಾಮಿ’ ನಮ್ಮ ಹಳ್ಳಿಯ ಮದುವೆ ಮನೆಗಳಿಗೂ ಬಂತು. ಸಿಲೋನಿನ ಟೀ ತೋಟದಲ್ಲಿ ದುಡಿದು ವಾಪಸು ಬಂದ ಅವನ ಅಜ್ಜಿ ವಳ್ಳಿಯಮ್ಮಾಳ್ ಆ ಹಾಡಿನ ಬೇರು. ಹಾಡು ಲೋಕ ಸುತ್ತಿತು. ಅದೇ ವರ್ಷ ಸಂಗೀತ ಪತ್ರಿಕೆಯೊಂದರ ಮುಖಪುಟದಲ್ಲಿ ಅರಿವು ಇರಲಿಲ್ಲ. 2022ರ ಚೆಸ್ ಒಲಿಂಪಿಯಾಡಿನ ಉದ್ಘಾಟನೆಯಲ್ಲಿ ಹಾಡಿತ್ತು, ಅವನಿರಲಿಲ್ಲ. 2024ರಲ್ಲಿ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಆ ಹಾಡಿನಿಂದ ತಮಗೂ ಒಂದು ಕಾಸು ಬಂದಿಲ್ಲ ಎಂದರು. ಅಜ್ಜಿ ಟೀ ಎಲೆ ಕಿತ್ತಳು, ಮೊಮ್ಮಗ ಹಾಡು ಕಿತ್ತ, ತಕ್ಕಡಿ ಮಾತ್ರ ಯಾವಾಗಲೂ ಬೇರೆಯವರ ಕೈಯಲ್ಲಿ. ಅದೇ 2024ರಲ್ಲಿ ಅರಿವು ಅಜ್ಜಿಯ ಹೆಸರಲ್ಲೇ ‘ವಳ್ಳಿಯಮ್ಮಾ ಪೇರಾಂಡಿ’ ಎಂಬ ಆಲ್ಬಂ ತಂದ. ವಳ್ಳಿಯಮ್ಮನ ಮೊಮ್ಮಗ ಅಂತ. ವಿಳಾಸ ಬರೆದು ಬೀಗ ಹಾಕಿದ ಹಾಗಿದೆ ಈ ಹೆಸರು.

ಇಷ್ಟರ ನಡುವೆ ನನಗೆ ಬಗೆಹರಿಯದೆ ಉಳಿದದ್ದು ತಮಟೆ. ಊರಹಬ್ಬಕ್ಕೆ ತಮಟೆ ಬಡಿಯೋದಿಲ್ಲ ಎಂದು ಹೇಳಿ ಬಹಿಷ್ಕಾರ ತಿಂದ ಹಟ್ಟಿಗಳು ನಮ್ಮಲ್ಲಿವೆ. ಅದು ಬಿಟ್ಟಿಚಾಕರಿ, ಬಿಡಬೇಕಾದದ್ದೇ. ಅದೇ ತಮಟೆಯನ್ನು ಕಲೆಯಾಗಿ ಬಾರಿಸಿದ ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚೆನ್ನೈನ ವೇದಿಕೆಯಲ್ಲಿ ಪರೈಗೆ ಕುಣಿಯುವ ಹುಡುಗರ ಹೆಮ್ಮೆ ನಿಜ. ತಮಟೆ ಕೆಳಗಿಟ್ಟವನ ಸ್ವಾಭಿಮಾನವೂ ನಿಜ. ಬಾರಿಸುವುದೋ ಬಿಡುವುದೋ ಎಂಬುದನ್ನು ಬಾರಿಸುವವನೇ ತೀರ್ಮಾನಿಸಬೇಕು, ಅಷ್ಟು ಹೇಳಬಹುದು. ಊರಲ್ಲಿ ಆ ತೀರ್ಮಾನ ಇನ್ನೂ ಅವನ ಕೈಗೆ ಪೂರ್ತಿ ಬಂದಿಲ್ಲ.

ಕನ್ನಡದಲ್ಲಿ ಅರಿವುವಿನಂಥವರು ಯಾಕಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಿದ್ಧಲಿಂಗಯ್ಯನವರ ಹಾಡುಗಳು, ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಕಂಠದಲ್ಲಿ ಮೆರವಣಿಗೆಗಳನ್ನು ನಡೆಸಿದ ದನಿಗಳು ನಮ್ಮಲ್ಲಿದ್ದವು, ಇವೆ. ಆ ಪರಂಪರೆ ಕೆಟ್ಟಿಲ್ಲ. ಕ್ಯಾಸೆಟ್ಟಿನಿಂದ ಮೊಬೈಲಿಗೆ ದಾಟಲಿಲ್ಲ. ಹೋದ ತಿಂಗಳು ತರಗತಿಯಲ್ಲಿ ಅರಿವುವಿನ ಹಾಡು ಹಾಕಿದಾಗ, ಮನೆಯಲ್ಲಿ ತಮಿಳು ಮಾತಾಡುವ ರಾಬರ್ಟ್‌ಸನ್‌ಪೇಟೆಯ ಹುಡುಗಿಯೊಬ್ಬಳು ಸಾಲು ಸಾಲಾಗಿ ಕನ್ನಡಕ್ಕೆ ಹೇಳುತ್ತಾ ಹೋದಳು. ಮೂರು ವರ್ಷದಿಂದ ಅವಳು ಆ ತರಗತಿಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಅವಳ ತಾತ ಕೆಲಸದಲ್ಲಿದ್ದರಂತೆ. ‘ಕೆಜಿಎಫ್’ ನೋಡಿದ್ಯಾ ಅಂದೆ. “ನೋಡಿದೀನಿ ಸಾರ್, ಅದ್ರಲ್ಲಿ ನಮ್ಮೂರು ಬರಲ್ಲ” ಅಂದಳು.