ಗೇಟಿಗೆ ಬೀಗ, ಜಾಗಕ್ಕಿಲ್ಲ ಲೆಕ್ಕ

ಬೆಂಗಳೂರಿನ ಬಡಾವಣೆಗಳ ಪಾರ್ಕುಗಳಿಗೆ ಬಹಳ ವರ್ಷ ಒಂದು ವಿಚಿತ್ರ ಶಿಸ್ತು ಇತ್ತು. ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಗೇಟು ತೆರೆಯುತ್ತಿತ್ತು. ನಡುವೆ ಬೀಗ. ವಾಕಿಂಗ್ ಮಾಡುವವರಿಗೆ ಇದರಿಂದ ತೊಂದರೆಯಿರಲಿಲ್ಲ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ನೆರಳು ಬೇಕಾದದ್ದು ತಳ್ಳುಗಾಡಿಯವನಿಗೆ, ಮನೆಗೆಲಸ ಮುಗಿಸಿ ಬುತ್ತಿ ಬಿಚ್ಚುವ ಹೆಂಗಸಿಗೆ. ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ತೀರ್ಮಾನವಾದದ್ದು 2024ರಲ್ಲಿ. ಸಾರ್ವಜನಿಕರ ಪಾರ್ಕನ್ನು ಸಾರ್ವಜನಿಕರಿಗೆ ತೆರೆಯಲು ಇಷ್ಟು ಕಾಲ ಏಕೆ ಬೇಕಾಯಿತು?

ಉತ್ತರ ಸರಳ. ನಮ್ಮ ಸ್ಥಳೀಯ ಸಂಸ್ಥೆಗಳು ಪಾರ್ಕನ್ನು ಜನರ ಆಸ್ತಿ ಎಂದು ನೋಡಿಲ್ಲ, ಕಾಮಗಾರಿ ಎಂದು ನೋಡಿವೆ. ಕಾಮಗಾರಿಗೆ ಟೆಂಡರು ಇರುತ್ತದೆ, ಉದ್ಘಾಟನೆ ಇರುತ್ತದೆ, ಗ್ರಾನೈಟ್ ನಾಮಫಲಕ ಇರುತ್ತದೆ. ಮಾಲಿಯ ಸಂಬಳಕ್ಕೆ, ಶೌಚಾಲಯದ ನೀರಿಗೆ, ಮುರಿದ ಉಯ್ಯಾಲೆಯ ಸರಪಳಿಗೆ ನಾಮಫಲಕ ಹಾಕಲಾಗುವುದಿಲ್ಲ. ಆದ್ದರಿಂದಲೇ ಕಾರಂಜಿ ಬರುತ್ತದೆ, ಮರುವರ್ಷ ಅದು ಸೊಳ್ಳೆ ಸಾಕುವ ತೊಟ್ಟಿಯಾಗುತ್ತದೆ.

ಕಾನೂನಿನ ಕೊರತೆ ಇದೆಯೇ? ಇಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ 1985ರ ಕಾಯ್ದೆಯೇ ಇದೆ. ಅದು ಹೇಳುವ ಮೊದಲ ಕೆಲಸ ಪಟ್ಟಿ ಮಾಡುವುದು. ಬಡಾವಣೆಯಲ್ಲಿ ಪಾರ್ಕಿಗೆಂದು ಕಾದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಟ್ಟರೆ ಅದು ಅಸಿಂಧು ಎಂದು ಬಿಡಿಎ ಕಾಯ್ದೆಯೂ ಹೇಳುತ್ತದೆ. ಸದಾಶಿವನಗರದ ಭಾಗದಲ್ಲಿ ಪಾರ್ಕಿಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು ಮಂಜೂರಾತಿಯನ್ನು ರದ್ದು ಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಆಸ್ಪತ್ರೆಯೂ ಒಳ್ಳೆಯದೇ, ಆದರೆ ಪಾರ್ಕಿನ ಜಾಗ ತಿನ್ನುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಅದರ ತಿರುಳು. ನೆನಪಿಡಿ, ಅಂದು ಜಾಗ ಉಳಿಸಿದವರು ಅಧಿಕಾರಿಗಳಲ್ಲ, ನೆರೆಹೊರೆಯವರು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಮನೆ ಪಾಲಾಗುವಾಗ ಪಾತ್ರೆಪಗಡೆಯನ್ನೂ ಎಣಿಸುತ್ತೇವೆ. ಪಾಲಿಕೆ ಪಾಲಾದಾಗ ಪಾರ್ಕುಗಳನ್ನು ಎಣಿಸುವುದು ಬೇಡವೇ? ಪ್ರತಿ ಪಾರ್ಕಿನ ಸರ್ವೆ ನಂಬರು, ವಿಸ್ತೀರ್ಣ, ಗಡಿ, ಒಳಗಿರುವ ಮರ, ಬೋರ್‌ವೆಲ್, ಆಟದ ಸಾಮಾನು, ಅವುಗಳ ಸ್ಥಿತಿ, ನಿರ್ವಹಣೆಯ ಗುತ್ತಿಗೆದಾರ ಯಾರು, ಹಣವೆಷ್ಟು ಎಂಬ ವಿವರ ಗೇಟಿನ ಬಳಿಯೇ ಬೋರ್ಡಿನಲ್ಲಿ ಇರಲಿ. ಹೊಸ ಪಾರ್ಕಿಗೆ ಹಣ ಇಡುವ ಮೊದಲು ಹಳೆಯದರ ನಿರ್ವಹಣೆಗೆ ಹಣ ತೆಗೆದಿಡಲಿ. ಮೂರು ಲಕ್ಷ ಮೀರಿದ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಗುತ್ತಿಗೆದಾರನ ಬಿಲ್ಲಿಗೆ ಆ ಸಮಿತಿಯ ಒಪ್ಪಿಗೆ ಬೇಕೆಂದು ಮಾಡಲಿ. ಆ ಸಮಿತಿಯಲ್ಲಿ ವಾಕಿಂಗ್ ಬರುವ ನಿವೃತ್ತರಷ್ಟೇ ಅಲ್ಲ, ಕೊಳೆಗೇರಿಯ ತಾಯಂದಿರೂ ಇರಲಿ.

ಇದನ್ನು ಬರೆಯುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ವಕ್ಫ್ ಆಸ್ತಿಯೂ ಹೀಗೆಯೇ ಕಾದಿರಿಸಿದ ಆಸ್ತಿ. ಅದರ ಮುತವಲ್ಲಿ ಮಾಲೀಕನಲ್ಲ, ಕಾವಲುಗಾರ. ಆದರೂ ಆ ಜಮೀನುಗಳು ಹೇಗೆ ಕರಗಿದವು ಎಂಬುದನ್ನು ರಾಜ್ಯ ಅಲ್ಪಸಂಖ್ಯಾತರ ಆಯೋಗದ 2012ರ ವರದಿ ಎತ್ತಿ ತೋರಿಸಿತು. ಲೆಕ್ಕ ಕೇಳುವವರಿಲ್ಲದ ಕಡೆ ಪಾಲಿಕೆಯಾದರೇನು, ಜಮಾಅತ್ ಆದರೇನು, ರೋಗ ಒಂದೇ.

ಮರ ನೆಟ್ಟವನಿಗೆ ಅದರ ಫಲ ತಿನ್ನುವ ಹಕ್ಕಿಯಿಂದಲೂ ಪುಣ್ಯ ಸಲ್ಲುತ್ತದೆ ಎಂದು ಪ್ರವಾದಿಯವರು (ಸ) ಕಲಿಸಿದರು. ಮದೀನಾದ ಸುತ್ತ ಗಡಿ ಗುರುತಿಸಿ, ಅದರೊಳಗೆ ಮರ ಕಡಿಯುವುದನ್ನು ನಿಷೇಧಿಸಿದರು. ಸಾರ್ವಜನಿಕ ಜಾಗ ಅಮಾನತ್. ಅಮಾನತಿಗೆ ಬೀಗ ಹಾಕಿದರೆ ಸಾಲದು, ಲೆಕ್ಕ ಒಪ್ಪಿಸಬೇಕು. ಆ ಲೆಕ್ಕ ಕೇಳುವ ಹೊಣೆ ನಮ್ಮದು.